ಮುಂಬಯಿಯ ಆಪ್ತಸಮಾಲೋಚಕರ ಮುಂದಿರುವ ಪ್ರಶ್ನೆಗಳು: ನೋಂದಣಿ, ಗುಟ್ಟು, ಫೀಸು, ಮೇಲ್ವಿಚಾರಣೆ

ಮುಂಬಯಿಯಲ್ಲಿ ಇವತ್ತು ಯಾರಾದರೂ ಬಾಗಿಲಿಗೆ ‘ಆಪ್ತಸಮಾಲೋಚಕರು’ ಎಂದು ಬೋರ್ಡು ಹಾಕಿಕೊಂಡರೆ, ಅವರ ಓದೇನು, ಯಾರ ಕೈಕೆಳಗೆ ಕಲಿತರು ಎಂದು ವಿಚಾರಿಸುವ ವ್ಯವಸ್ಥೆ ಇನ್ನೂ ಗಟ್ಟಿಯಾಗಿ ನಿಂತಿಲ್ಲ. ಸೈಕಾಲಜಿಯಲ್ಲಿ ಎರಡು ವರ್ಷದ ಎಂ.ಎ. ಮುಗಿಸಿ, ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಮಾಡಿ, ಹಿರಿಯರ ಮೇಲ್ವಿಚಾರಣೆಯಲ್ಲಿ ವರ್ಷಗಟ್ಟಲೆ ಪಳಗಿದವರಿಗೂ ಅದೇ ಹೆಸರು. ಎರಡು ಶನಿವಾರ-ಭಾನುವಾರ ಆನ್‌ಲೈನ್ ಕೋರ್ಸು ಕೇಳಿ ಸರ್ಟಿಫಿಕೇಟು ಪಡೆದವರಿಗೂ ಅದೇ ಹೆಸರು. ಈ ವೃತ್ತಿಯ ಬಹುಪಾಲು ತೊಡಕುಗಳ ಬೇರು ಇಲ್ಲಿದೆ. ಕಾನೂನು ಗೆರೆ ಎಳೆಯದೆ ಬಿಟ್ಟ ಕಡೆ ಸಮಾಲೋಚಕರೇ ಗೆರೆ ಎಳೆದುಕೊಳ್ಳಬೇಕು, ಅದನ್ನು ಬರೆದಿಡಬೇಕು. ಹಾಗೆ ಮಾಡದಿದ್ದರೆ ಪೆಟ್ಟು ಮೊದಲು ಬೀಳುವುದು ಕ್ಲೈಂಟಿಗೆ, ಆಮೇಲೆ ಅವರಿಗೆ.

ಯಾರ ಹೆಸರು ಯಾವ ರಿಜಿಸ್ಟರಿನಲ್ಲಿ

ಸೈಕಿಯಾಟ್ರಿಸ್ಟ್ ಅಂದರೆ ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಸೈಕಾಲಜಿಯ ಸಾಮಾನ್ಯ ಎಂ.ಎ. ಸಾಲದು, ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸು ಮುಗಿಸಿ, ಆ ಪರಿಷತ್ತಿನ ರಿಜಿಸ್ಟರಿನಲ್ಲಿ ಹೆಸರು ಬರೆಸಿರಬೇಕು. ಈ ರಿಜಿಸ್ಟರು ನಡೆಯುವುದು 1992ರ ಕಾಯ್ದೆಯ ಪ್ರಕಾರ. ನೋಂದಣಿ ಸಂಖ್ಯೆ ಕೇಳಿ ತಾಳೆ ನೋಡುವುದಕ್ಕೆ ಕ್ಲೈಂಟು ಸಂಕೋಚಪಡಬೇಕಾಗಿಲ್ಲ.

ಕೌನ್ಸೆಲಿಂಗ್ ಸೈಕಾಲಜಿ ಓದಿದವರು, ಕುಟುಂಬ ಸಲಹೆ ಮಾಡುವವರು, ಶಾಲೆಯ ಕೌನ್ಸೆಲರುಗಳು ಈ ಎರಡು ಗುಂಪಿಗೂ ಸೇರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದು ‘ಮಾನಸಿಕ ಆರೋಗ್ಯ ವೃತ್ತಿಪರರು’ ಎಂದು ಕರೆಯುವುದು ಮನೋವೈದ್ಯರನ್ನು, ನೋಂದಾಯಿತ ಕ್ಲಿನಿಕಲ್ ಸೈಕಾಲಜಿಸ್ಟರನ್ನು, ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು, ಮಾನಸಿಕ ಆರೋಗ್ಯದ ನರ್ಸುಗಳನ್ನು, ಜೊತೆಗೆ ಆಯುಷ್ ಪದ್ಧತಿಗಳಲ್ಲಿ ಇದೇ ವಿಷಯದ ಸ್ನಾತಕೋತ್ತರ ಓದಿದವರನ್ನು. ಸಮಾಲೋಚಕರ ಹೆಸರು ಅಲ್ಲಿಲ್ಲ. 2021ರ ಸಹವರ್ತಿ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಈ ಕೊರತೆ ತುಂಬಲು ಹೊರಟಿದೆ. ಕ್ಲಿನಿಕಲ್ ಅಲ್ಲದ ಸೈಕಾಲಜಿಸ್ಟರನ್ನೂ ಕೆಲವು ಬಗೆಯ ಕೌನ್ಸೆಲರುಗಳನ್ನೂ ಪಟ್ಟಿಗೆ ಸೇರಿಸಿದೆ. ಆದರೆ ಕಾಯ್ದೆ ಬಂದ ವೇಗದಲ್ಲಿ ರಾಜ್ಯ ಪರಿಷತ್ತುಗಳೂ ರಿಜಿಸ್ಟರುಗಳೂ ಬರಲಿಲ್ಲ. ಈಗ ಎಂ.ಎ. ಓದುತ್ತಿರುವವರು ತಮ್ಮ ಅಂಕಪಟ್ಟಿ, ಇಂಟರ್ನ್‌ಶಿಪ್ ಗಂಟೆಗಳ ಪತ್ರ, ಮೇಲ್ವಿಚಾರಕರ ಸಹಿಯುಳ್ಳ ಲಾಗ್‌ಬುಕ್ ಇವನ್ನು ಜೋಪಾನ ಮಾಡಿಟ್ಟುಕೊಳ್ಳಬೇಕು. ನೋಂದಣಿ ಶುರುವಾದ ದಿನ ಹಳೆಯ ಕಾಗದಕ್ಕಾಗಿ ಕಾಲೇಜಿನ ಬಾಗಿಲು ಕಾಯುವುದು ತಪ್ಪುತ್ತದೆ.

ಬೇಡಿಕೆಯೇನೋ ಏರುತ್ತಿದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಕೊಟ್ಟ ಮಾರ್ಗಸೂಚಿಯಲ್ಲಿ, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಒಬ್ಬರಾದರೂ ಅರ್ಹ ಸಮಾಲೋಚಕರನ್ನೋ ಸೈಕಾಲಜಿಸ್ಟರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಬೇಕೆಂದಿದೆ. ‘ಅರ್ಹ’ ಎನ್ನುವುದಕ್ಕೆ ಅಳತೆಗೋಲು ಗಟ್ಟಿಯಾಗದೆ ಹುದ್ದೆಗಳು ಮಾತ್ರ ಹೆಚ್ಚಿದರೆ, ಅರೆಬೆಂದ ತರಬೇತಿಯವರು ಮಕ್ಕಳ ಮುಂದೆ ಕೂರುತ್ತಾರೆ. ಈ ಚಿಂತೆ ಸಣ್ಣದಲ್ಲ.

ಹಾಗೆಂದು ಡಿಗ್ರಿಯೇ ಎಲ್ಲ ಎನ್ನುವಂತೆಯೂ ಇಲ್ಲ. ಗೋವಾದ ‘ಸಂಗಾತ್’ ಸಂಸ್ಥೆ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಾಡಿದ ಕೆಲಸ ಇದಕ್ಕೆ ಸಾಕ್ಷಿ. ತೀವ್ರ ಖಿನ್ನತೆಯಿದ್ದ 495 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಮಾನಸಿಕ ಆರೋಗ್ಯದ ಹಿಂದಿನ ತರಬೇತಿಯೇ ಇಲ್ಲದ ಸ್ಥಳೀಯರು ಆರರಿಂದ ಎಂಟು ಸೆಷನ್‌ಗಳ ಒಂದು ಸರಳ ಕ್ರಮವನ್ನು ನಡೆಸಿಕೊಟ್ಟರು. ಮಾಮೂಲಿ ಚಿಕಿತ್ಸೆಗಿಂತ ಅದು ಚೆನ್ನಾಗಿ ಫಲ ಕೊಟ್ಟಿತು. ಫಲಿತಾಂಶ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಇದನ್ನು ಓದಿ ‘ಹಾಗಾದರೆ ಯಾರು ಬೇಕಾದರೂ ಮಾಡಬಹುದು’ ಎಂದುಕೊಂಡರೆ ತಪ್ಪು. ಅಲ್ಲಿ ಏನು ಮಾಡಬೇಕು ಎನ್ನುವುದಕ್ಕೆ ಬರೆದಿಟ್ಟ ಕೈಪಿಡಿ ಇತ್ತು, ಸೆಷನ್‌ಗಳ ಧ್ವನಿಮುದ್ರಣ ಕೇಳಿ ಅಂಕ ಕೊಡುವ ಪದ್ಧತಿ ಇತ್ತು, ನಿಯತವಾಗಿ ಗುಂಪಿನ ಮೇಲ್ವಿಚಾರಣೆ ಇತ್ತು, ಕೈಮೀರಿದ ಕೇಸನ್ನು ಯಾರಿಗೆ ಕಳಿಸಬೇಕು ಎನ್ನುವುದು ಗೊತ್ತಿತ್ತು. ಎಂ.ಎ. ಇದ್ದೂ ಇವು ಯಾವುವೂ ಇಲ್ಲದೆ ಒಬ್ಬಂಟಿಯಾಗಿ ಕ್ಲಿನಿಕ್ ನಡೆಸುವವರು ಹೆಚ್ಚು ಅಪಾಯದಲ್ಲಿದ್ದಾರೆ.

ಎಲ್ಲರಿಗೂ ಎಲ್ಲರೂ ಗೊತ್ತಿರುವ ಕಡೆ ಗುಟ್ಟು ಕಾಯುವುದು

ಮುಂಬಯಿ ದೊಡ್ಡ ಊರು, ಆದರೆ ಮುಂಬಯಿಯ ಕನ್ನಡಿಗರ ಲೋಕ ಚಿಕ್ಕದು. ಮಾಟುಂಗದಲ್ಲಿ ಕ್ಲಿನಿಕ್ ಇಟ್ಟವರ ಕ್ಲೈಂಟು ಡೊಂಬಿವಲಿಯಿಂದ ಬಂದರೂ, ಇಬ್ಬರೂ ಮುಂದಿನ ಭಾನುವಾರ ಒಂದೇ ಮದುವೆಯ ಊಟದ ಪಂಕ್ತಿಯಲ್ಲಿ ಕೂರುವ ಸಂಭವ ಇದೆ. ಜಾತಿ ಸಂಘದ ವಾರ್ಷಿಕೋತ್ಸವ, ಯಕ್ಷಗಾನದ ಆಟ, ಕರ್ನಾಟಕ ಸಂಘದ ಕಾರ್ಯಕ್ರಮ, ಎಲ್ಲಿ ಹೋದರೂ ಅವೇ ಮುಖಗಳು. ಕನ್ನಡದಲ್ಲೋ ತುಳುವಿನಲ್ಲೋ ಮನಸ್ಸು ಬಿಚ್ಚುವ ಆಸೆಯಿಂದಲೇ ಕ್ಲೈಂಟು ನಮ್ಮವರನ್ನು ಹುಡುಕಿಕೊಂಡು ಬರುತ್ತಾರೆ, ಮತ್ತು ನಮ್ಮವರು ಎಂಬ ಕಾರಣಕ್ಕೇ ಬಾಗಿಲಲ್ಲಿ ಹಿಂಜರಿಯುತ್ತಾರೆ. ಪುಣೆಯಲ್ಲೂ ಇದೇ ಪಾಡು. ಗೋವಾದ ಝುವಾರಿ ನಗರ, ಬೈನಾ ಕಡೆ ವಿಜಯಪುರ-ಬಾಗಲಕೋಟೆಯಿಂದ ಬಂದು ನೆಲೆಸಿದವರಲ್ಲಿ ಒಂದೇ ಊರಿನವರು ಒಂದೇ ಸಾಲಿನಲ್ಲಿ ಮನೆ ಮಾಡಿರುತ್ತಾರೆ. ಅಲ್ಲಿ ಗುಟ್ಟು ಇನ್ನೂ ಕಷ್ಟ.

ಆದ್ದರಿಂದ ಮೊದಲ ಸೆಷನ್ನಿನ ಮೊದಲ ಹತ್ತು ನಿಮಿಷ ಕಷ್ಟ ಕೇಳುವುದಕ್ಕಲ್ಲ, ಕರಾರು ಮಾತಾಡುವುದಕ್ಕೆ. ಹೀಗೆ ಹೇಳಬಹುದು: “ಹೊರಗೆಲ್ಲಾದರೂ ಸಿಕ್ಕರೆ ನಾನಾಗಿ ನಿಮ್ಮನ್ನು ಮಾತಾಡಿಸುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ನೀವು ಮಾತಾಡಿಸಿದರೆ ಮಾತಾಡುತ್ತೇನೆ. ಪರಿಚಯ ಹೇಗೆ ಎಂದು ಯಾರಾದರೂ ಕೇಳಿದರೆ ಉತ್ತರ ನಿಮ್ಮದು.” ಇದನ್ನು ಮೊದಲೇ ಹೇಳದಿದ್ದರೆ ಮದುವೆ ಹಾಲಿನಲ್ಲಿ ಒಬ್ಬರು ಮುಖ ತಿರುಗಿಸಿದ್ದು ಇನ್ನೊಬ್ಬರಿಗೆ ಅವಮಾನವಾಗಿ ಕಾಣುತ್ತದೆ, ಮುಂದಿನ ವಾರ ಆ ಕ್ಲೈಂಟು ಬರುವುದಿಲ್ಲ.

ಗುಟ್ಟು ಸೋರುವುದು ಸಾಮಾನ್ಯವಾಗಿ ಬಾಯಿಯಿಂದಲ್ಲ, ಸಣ್ಣಪುಟ್ಟ ಕಿಂಡಿಗಳಿಂದ. ಯುಪಿಐಯಲ್ಲಿ ಫೀಸು ಕಳಿಸುವಾಗ ಕ್ಲಿನಿಕ್ಕಿನ ಹೆಸರು ಜಂಟಿ ಖಾತೆಯ ಪಾಸ್‌ಬುಕ್ಕಿನಲ್ಲಿ ಮೂಡುತ್ತದೆ, ಅದನ್ನು ಮಾವ ನೋಡುತ್ತಾರೆ. ‘ನಾಳೆ ನಿಮ್ಮ ಕೌನ್ಸೆಲಿಂಗ್ ಇದೆ’ ಎಂಬ ವಾಟ್ಸಾಪ್ ಸಂದೇಶ ಬೀಗ ಹಾಕಿದ ಫೋನಿನ ಪರದೆಯ ಮೇಲೇ ತೋರುತ್ತದೆ. ಒಬ್ಬರು ಹೊರಗೆ ಹೋಗುವಾಗ ಇನ್ನೊಬ್ಬರು ಒಳಗೆ ಬರುತ್ತಾರೆ, ನೋಡಿದರೆ ಇಬ್ಬರೂ ಒಂದೇ ಕಟ್ಟಡದವರು. ಇವಕ್ಕೆಲ್ಲ ಮದ್ದು ಸುಲಭ. ಖಾತೆಗೆ ತಟಸ್ಥವಾದ ಹೆಸರು ಇಡಿ. ಸಂದೇಶದಲ್ಲಿ ದಿನ, ಗಂಟೆ ಮಾತ್ರ ಇರಲಿ. 50 ನಿಮಿಷದ ಸೆಷನ್ ಆದಮೇಲೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಮುಂದಿನವರನ್ನು ಕರೆಯಿರಿ. ಫೋನಿನಲ್ಲಿ ಕ್ಲೈಂಟಿನ ಹೆಸರನ್ನು ಪೂರ್ತಿ ಉಳಿಸಬೇಡಿ.

ಕಷ್ಟವಿರುವುದು ಫೀಸು ಕೊಡುವವರು ಬೇರೆ, ಮಾತಾಡುವವರು ಬೇರೆ ಆದಾಗ. ಹೋಟೆಲಿನ ಮಾಣಿಯೊಬ್ಬ ರಾತ್ರಿ ನಿದ್ದೆಯಿಲ್ಲದೆ ಒದ್ದಾಡುವುದನ್ನು ನೋಡಿ ಧಣಿಗಳು ತಾವೇ ದುಡ್ಡು ಕೊಟ್ಟು ಕಳಿಸುತ್ತಾರೆ. ಮನಸ್ಸು ದೊಡ್ಡದು, ಸರಿ. ಎರಡು ವಾರ ಬಿಟ್ಟು ಫೋನು ಬರುತ್ತದೆ: “ಹುಡುಗ ಏನು ಹೇಳ್ತಾನೆ? ಊರಿಗೆ ಹೋಗುವ ಅಂದಾಜು ಉಂಟಾ?” ಇಲ್ಲಿ ಉತ್ತರ ಒಂದೇ. ದುಡ್ಡು ಕೊಟ್ಟವರಿಗೆ ರಸೀದಿ ಸಿಗುತ್ತದೆ, ಮಾತು ಸಿಗುವುದಿಲ್ಲ. ಬಂದನೋ ಇಲ್ಲವೋ ಎಂಬುದನ್ನು ಹೇಳುವುದಕ್ಕೂ ಹುಡುಗನ ಒಪ್ಪಿಗೆ ಬೇಕು. ಇದನ್ನು ಫೋನು ಬಂದಮೇಲೆ ಹೇಳಿದರೆ ಧಣಿಗಳಿಗೆ ಮುನಿಸು, ಮೊದಲ ದಿನವೇ ಮೂವರೂ ಕೂತು ಒಂದು ಪುಟದಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ತಕರಾರಿಲ್ಲ. ಇಂಥ ಹುಡುಗರಿಗೆ ಬಿಡುವು ಸಿಗುವುದು ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹಾ-ತಿಂಡಿ ಶುರುವಾಗುವ ನಡುವೆ. ಕ್ಲಿನಿಕ್ ಸಂಜೆ ಏಳಕ್ಕೆ ಮಾತ್ರ ತೆರೆದರೆ ಅವರು ಬರುವುದೇ ಇಲ್ಲ.

ಗುಟ್ಟು ಎಲ್ಲಿ ಮುಗಿಯುತ್ತದೆ

‘ಇಲ್ಲಿ ಹೇಳಿದ್ದು ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ಅದು ನಿಜವಲ್ಲ. 2017ರ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದು ಹೇಳುತ್ತಲೇ ಹೊರತುಗಳನ್ನೂ ಹೇಳುತ್ತದೆ: ಜೀವಕ್ಕೆ ಅಪಾಯವಿದ್ದಾಗ, ಇನ್ನೊಬ್ಬರಿಗೆ ಹಾನಿಯಾಗುವ ಸಂಭವವಿದ್ದಾಗ, ಚಿಕಿತ್ಸೆಗಾಗಿ ಬೇರೆ ವೃತ್ತಿಪರರಿಗೆ ತಿಳಿಸಬೇಕಾದಾಗ, ಅಧಿಕಾರವುಳ್ಳ ಪ್ರಾಧಿಕಾರವೋ ಹೈಕೋರ್ಟೋ ಸುಪ್ರೀಂ ಕೋರ್ಟೋ ಆದೇಶಿಸಿದಾಗ. ಅಂಥ ಹೊತ್ತಿನಲ್ಲೂ ಅಪಾಯ ತಡೆಯಲು ಎಷ್ಟು ಬೇಕೋ ಅಷ್ಟನ್ನೇ ಹೇಳಬೇಕು, ಇಡೀ ಕಡತ ಒಪ್ಪಿಸುವಂತಿಲ್ಲ. ಸಮಾಲೋಚಕರು ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರಲಿ ಬಿಡಲಿ, ನಡೆಗೆ ಈ ಸೆಕ್ಷನ್ನನ್ನೇ ಮಾದರಿಯಾಗಿ ಇಟ್ಟುಕೊಳ್ಳುವುದು ಕ್ಷೇಮ.

ಹದಿನೆಂಟರ ಒಳಗಿನವರ ವಿಷಯದಲ್ಲಿ ಪೋಕ್ಸೊ ಇದೆ. 2012ರ ಈ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ಗೊತ್ತಾದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ. ಮನೆಯೊಳಗಿನ ದೌರ್ಜನ್ಯದಲ್ಲಿ ಈ ನಿಯಮ ಮಗುವನ್ನು ಕಾಯುತ್ತದೆ. ಆದರೆ ಹದಿನೇಳರ ಹುಡುಗಿ ತನ್ನ ಹತ್ತೊಂಬತ್ತರ ಗೆಳೆಯನ ಬಗ್ಗೆ ಹೇಳಿದಾಗಲೂ ಅದೇ ನಿಯಮ, ಏಕೆಂದರೆ ಹದಿನೆಂಟರ ಒಳಗೆ ಒಪ್ಪಿಗೆಗೆ ಬೆಲೆಯಿಲ್ಲ. ವರದಿ ಮಾಡಿದರೆ ಆ ಹುಡುಗಿ ಮತ್ತೆ ಯಾವ ಸಮಾಲೋಚಕರ ಮುಂದೆಯೂ ಬಾಯಿಬಿಡುವುದಿಲ್ಲ, ಮಾಡದಿದ್ದರೆ ಅಪರಾಧ. ಇದಕ್ಕೆ ಸುಲಭದ ದಾರಿಯಿಲ್ಲ. ಕೈಯಲ್ಲಿರುವುದು ಇಷ್ಟು: ಹದಿಹರೆಯದವರು ಮಾತು ಶುರುಮಾಡುವ ಮೊದಲೇ ಯಾವ ಮಾತು ಈ ಕೋಣೆಯಿಂದ ಹೊರಗೆ ಹೋಗಲೇಬೇಕಾಗುತ್ತದೆ ಎಂದು ಅವರ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳುವುದು. ಮುಂದೆ ವರದಿ ಮಾಡಬೇಕಾಗಿ ಬಂದರೆ ಅವರಿಗೆ ತಿಳಿಸಿ, ಸಾಧ್ಯವಿದ್ದರೆ ಅವರ ಜೊತೆಯಲ್ಲೇ ನಿಂತು ಮಾಡುವುದು.

ಇನ್ನು ಕೋರ್ಟು. ವಕೀಲರು ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಸಾಕ್ಷ್ಯದ ಕಾನೂನಿನಲ್ಲಿ ರಕ್ಷಣೆ ಇದೆ, ಸಮಾಲೋಚಕರಿಗೆ ಅಂಥದ್ದಿಲ್ಲ. ವಿಚ್ಛೇದನ ಅಥವಾ ಮಕ್ಕಳ ಸುಪರ್ದಿಯ ದಾವೆಯಲ್ಲಿ ಸೆಷನ್ ಟಿಪ್ಪಣಿ ಹಾಜರುಪಡಿಸಲು ಸಮನ್ಸ್ ಬರಬಹುದು. ಹಾಗಾಗಿ ಟಿಪ್ಪಣಿ ಬರೆಯುವಾಗಲೇ ನ್ಯಾಯಾಧೀಶರು ಓದಬಹುದು ಎಂಬ ಎಚ್ಚರ ಬೇಕು. “ಗಂಡ ಕ್ರೂರಿ” ಎಂದು ಬರೆದರೆ ನೋಡದ ಮನುಷ್ಯನ ಬಗ್ಗೆ ತೀರ್ಪು ಕೊಟ್ಟಂತೆ. “ಮಾರ್ಚ್‌ನಿಂದ ಮೂರು ಸಲ ಗಂಡ ಹೊಡೆದನೆಂದು ಕ್ಲೈಂಟು ಹೇಳಿದರು, ಎಡ ಮುಂಗೈಯಲ್ಲಿ ನೀಲಿಗಟ್ಟಿದ ಗುರುತು ಕಂಡಿತು” ಎಂದರೆ ದಾಖಲೆ. ಪರಿಚಯದ ವಕೀಲರು ಬಂದು “ಇವರು ಒಳ್ಳೆಯ ತಾಯಿ ಅಂತ ಒಂದು ಪತ್ರ ಕೊಡಿ” ಎಂದು ಕೇಳುವುದುಂಟು. ಕೊಡಬಾರದು. ಚಿಕಿತ್ಸೆ ಮಾಡುವವರು ಬೇರೆ, ತಾಯ್ತನದ ಮೌಲ್ಯಮಾಪನ ಮಾಡುವವರು ಬೇರೆ. ಎಷ್ಟು ಸೆಷನ್‌ಗೆ ಬಂದರು ಎಂಬುದಷ್ಟನ್ನು, ಅದೂ ಕ್ಲೈಂಟಿನ ಲಿಖಿತ ಒಪ್ಪಿಗೆಯ ಮೇಲೆ, ಬರೆದುಕೊಡಬಹುದು.

ಮಗಳು ಹುಡುಗಿಯನ್ನು ಇಷ್ಟಪಡುತ್ತಾಳೆ, ‘ಸರಿಮಾಡಿಕೊಡಿ’ ಎಂದು ಕರೆತರುವ ಹೆತ್ತವರಿಗೂ ಇಲ್ಲ ಎನ್ನಲೇಬೇಕು. ಸಲಿಂಗ ಆಕರ್ಷಣೆ ಕಾಯಿಲೆಯಲ್ಲ. ಅದನ್ನು ಬದಲಿಸುವ ‘ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಹೇಳಿದೆ. ಆ ಮನೆಯಲ್ಲಿ ಕೆಲಸ ಬೇಕಾಗಿರುವುದು ಹೆತ್ತವರ ಭಯದ ಮೇಲೆ.

ಸಾಯುವ ಮಾತು ಬಂದಾಗ

ನೇರವಾಗಿ ಕೇಳಬೇಕು: “ಸಾಯಬೇಕು ಅಂತ ಅನಿಸಿದೆಯಾ?” ಕೇಳಿದರೆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ; ಕೇಳಿಸಿಕೊಂಡವರಿಗೆ ಹೆಚ್ಚಾಗಿ ಹಗುರಾಗುತ್ತದೆ. ಹೌದೆಂದರೆ ಹೇಗೆ, ಯಾವಾಗ, ಅದಕ್ಕೆ ಬೇಕಾದದ್ದು ಕೈಗೆಟಕುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದುಂಟೇ ಎಂದು ಒಂದೊಂದಾಗಿ ವಿಚಾರಿಸಬೇಕು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕನ್ನಡದಲ್ಲಿದೆ. ಒಂಬತ್ತು ಪ್ರಶ್ನೆ, ಗರಿಷ್ಠ 27 ಅಂಕ, ಹತ್ತು ಅಥವಾ ಹೆಚ್ಚು ಬಂದರೆ ಗಮನ ಬೇಕು. ಒಟ್ಟು ಅಂಕ ಕಡಿಮೆ ಇದ್ದರೂ ಒಂಬತ್ತನೆಯ ಪ್ರಶ್ನೆಗೆ, ಅಂದರೆ ಸಾವು ಅಥವಾ ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಪ್ರಶ್ನೆಗೆ, ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ ಅಲ್ಲೇ ನಿಂತು ಮಾತಾಡಬೇಕು. ಹಾಳೆಯನ್ನು ಕೈಗೆ ಕೊಟ್ಟು ಕಡತಕ್ಕೆ ಸೇರಿಸುವವರು ಈ ಉತ್ತರವನ್ನೇ ನೋಡದೆ ಬಿಡುತ್ತಾರೆ. ಆಗುವ ಅನಾಹುತಗಳಲ್ಲಿ ಇದು ದೊಡ್ಡದು.

‘ನಾನು ಜೀವ ತೆಗೆದುಕೊಳ್ಳುವುದಿಲ್ಲ’ ಎಂದು ಆಣೆ ಮಾಡಿಸಿಕೊಳ್ಳುವುದರಿಂದ ಪ್ರಯೋಜನವಿಲ್ಲ. ಒಂದು ಹಾಳೆಯಲ್ಲಿ ಸುರಕ್ಷತೆಯ ಯೋಜನೆ ಬರೆಯುವುದು ಮೇಲು. ಬಿರುಗಾಳಿ ಏಳುವ ಮುನ್ಸೂಚನೆ ಏನು, ಆಗ ತಾನೇ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂರಬಹುದು, ಯಾರನ್ನು ಸಹಾಯಕ್ಕೆ ಕರೆಯಬಹುದು, ಯಾವ ಡಾಕ್ಟರು ಮತ್ತು ಯಾವ ನಂಬರು, ಮನೆಯಲ್ಲಿರುವ ಮಾತ್ರೆ-ಕೀಟನಾಶಕಗಳನ್ನು ಯಾರು ಬೀಗ ಹಾಕಿ ಇಡುತ್ತಾರೆ. ಎಲ್ಲವೂ ಕ್ಲೈಂಟಿನದೇ ಮಾತಿನಲ್ಲಿ ಇರಬೇಕು. ನಂಬರುಗಳಲ್ಲಿ 14416 ಇರಲಿ: 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಶುಲ್ಕವಿಲ್ಲ, ಕನ್ನಡದಲ್ಲೂ ಮಾತಾಡಬಹುದು. ಕರೆದುಕೊಂಡು ಹೋಗಲು ಮುಂಬಯಿಯಲ್ಲಿ ಕೆಇಎಂ, ಸಯಾನ್, ನಾಯರ್ ಆಸ್ಪತ್ರೆಗಳ ಮನೋವೈದ್ಯ ವಿಭಾಗ, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಮನೋವೈದ್ಯ ಸಂಸ್ಥೆ ಇವೆ. ಪ್ರಯತ್ನಿಸಿ ಉಳಿದವರ ಮನೆಯವರು ‘ಪೊಲೀಸ್ ಕೇಸಾದೀತು’ ಎಂದು ಆಸ್ಪತ್ರೆಗೆ ಹೋಗಲು ಹೆದರುತ್ತಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ದಂಡ ಸಂಹಿತೆಯ ಹಳೆಯ 309ನೇ ಸೆಕ್ಷನ್ ಇಲ್ಲ. ಇದನ್ನು ಬಿಡಿಸಿ ಹೇಳಿದರೆ ಒಂದು ಜೀವ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರುತ್ತದೆ.

ಡಾಕ್ಟರ ಬಳಿಗೆ ಕಳಿಸಿಕೊಡುವ ಮಾತು ಬಂದಾಗ ಇನ್ನೊಂದು. ‘ಎದೆ ಢವಢವ, ಕೈಕಾಲು ಸೋತು ಹೋಗುತ್ತದೆ’ ಎನ್ನುವವರ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಪರೀಕ್ಷೆ ಆಗದೆ ಆರು ತಿಂಗಳು ಮಾತಾಡಿಸುತ್ತ ಕೂರುವುದು ತಪ್ಪು. ದೈವದ ಮುನಿಸು, ಮಾಟ ಎಂದು ನಂಬಿ ಊರಿಗೆ ಹೋಗಿ ಸೇವೆ ಕೊಟ್ಟು ಬರುತ್ತೇವೆ ಎನ್ನುವವರನ್ನು ತಡೆಯುವ ಅಗತ್ಯವಿಲ್ಲ, ಹಂಗಿಸುವುದಂತೂ ಸಲ್ಲ. ಪ್ರಯಾಣದಲ್ಲಿ ಮಾತ್ರೆ ತಪ್ಪಬಾರದು, ಬರುವ ದಿನಾಂಕ ಈಗಲೇ ಬರೆದುಕೊಳ್ಳೋಣ, ಇವೆರಡು ಸಾಕು.

ದುಡ್ಡಿನ ಲೆಕ್ಕ

ಸೆಷನ್ನಿಗೆ 1,500 ರೂಪಾಯಿ ಎಂದಾಗ ಹೊರಗಿನವರಿಗೆ ‘ಗಂಟೆಗೆ ಅಷ್ಟು ದುಡ್ಡಾ’ ಅನಿಸುತ್ತದೆ. ಒಂದು ಮಾದರಿ ಲೆಕ್ಕ ಹಾಕೋಣ. ವಾರಕ್ಕೆ ಹದಿನೈದರಂತೆ ತಿಂಗಳಿಗೆ 60 ಸೆಷನ್ ಬುಕ್ ಆಗಿವೆ. ಐದರಲ್ಲೊಂದು ಕೊನೆಗಳಿಗೆಯಲ್ಲಿ ರದ್ದಾದರೆ ನಡೆದದ್ದು 48. ಅದರಲ್ಲಿ 12 ಮಂದಿ ಪೂರ್ತಿ ಕೊಡಲಾರದವರು, ಅವರಿಗೆ 500. ಬಂದದ್ದು 60,000. ಗಂಟೆಗೆ 350ರ ಬಾಡಿಗೆ ಕೋಣೆಗೆ ರದ್ದಾದ ಗಂಟೆಗೂ ಸೇರಿ 21,000. ತಿಂಗಳಿಗೆ ಎರಡು ಸಲ ಕೂತು ಕೇಸುಗಳನ್ನು ಚರ್ಚಿಸುವ ಹಿರಿಯ ಮೇಲ್ವಿಚಾರಕರಿಗೆ ಒಟ್ಟು 4,000. ತನ್ನ ಸ್ವಂತ ಥೆರಪಿಗೆ 3,000. ಓಡಾಟ, ಫೋನು, ವೃತ್ತಿ ವಿಮೆ, ಸಿಎ ಖರ್ಚು 4,000. ಉಳಿದದ್ದು 28,000, ಅದೂ ಮುಂಬಯಿಯಲ್ಲಿ, ಮೇ ತಿಂಗಳು ಅರ್ಧ ಕ್ಲೈಂಟುಗಳು ಊರಿಗೆ ಹೋಗದಿದ್ದರೆ.

ಒತ್ತಡ ಬಂದಾಗ ಮೊದಲು ಕತ್ತರಿ ಬೀಳುವುದು ಮೇಲ್ವಿಚಾರಣೆಗೆ. ಅದೇ ದೊಡ್ಡ ತಪ್ಪು. ಆಮೇಲೆ ವಾರಕ್ಕೆ ಹದಿನೈದು ಇದ್ದದ್ದು ಮೂವತ್ತಾಗುತ್ತದೆ, ಸಂಜೆಯ ಸೆಷನ್ನಿನಲ್ಲಿ ಬೆಳಗಿನವರ ಕಥೆ ಬೆರೆತುಹೋಗುತ್ತದೆ, ಕ್ಲೈಂಟು ಅಳುವಾಗ ಕಣ್ಣು ಗಡಿಯಾರದ ಕಡೆ ಹೋಗುತ್ತದೆ. ಇವು ದಣಿವಿನ ಗುರುತುಗಳು. ಮಾಡಬಹುದಾದದ್ದು: 24 ಗಂಟೆಯೊಳಗೆ ರದ್ದಾದರೆ ಅರ್ಧ ಫೀಸು ಎಂಬ ನಿಯಮವನ್ನು ಮೊದಲ ದಿನವೇ ಹೇಳುವುದು, ರಿಯಾಯಿತಿಯ ಸ್ಥಾನಗಳನ್ನು ಎಣಿಸಿ ಇಡುವುದು, ಒಬ್ಬ ಮೇಲ್ವಿಚಾರಕರನ್ನು ನಾಲ್ವರು ಹಂಚಿಕೊಂಡು ಗುಂಪಿನಲ್ಲಿ ಕೂರುವುದು. ವರ್ಷದ ವಹಿವಾಟು 20 ಲಕ್ಷ ದಾಟುವ ಹಾಗಿದ್ದರೆ ಜಿಎಸ್‌ಟಿ ಬಗ್ಗೆ ಸಿಎ ಅವರಿಂದ ಲಿಖಿತ ಸಲಹೆ ಪಡೆಯಬೇಕು. ವೈದ್ಯರಿಗಿರುವ ವಿನಾಯಿತಿ ತಮಗೂ ತಾನಾಗಿ ಇದೆ ಎಂದುಕೊಳ್ಳುವಂತಿಲ್ಲ.

ಪರದೆಯ ಆಚೆ ಯಾರಿದ್ದಾರೆ

ಆನ್‌ಲೈನ್ ಸೆಷನ್ ದೂರವನ್ನು ಅಳಿಸಿತು, ಗೋಡೆಯನ್ನೂ ಅಳಿಸಿತು. ಒಂದೇ ಕೋಣೆಯ ಮನೆಯಿಂದ ಮಾತಾಡುವ ಸೊಸೆಯ ಹಿಂದೆ ಅತ್ತೆ ತರಕಾರಿ ಹೆಚ್ಚುತ್ತಿರುತ್ತಾರೆ. ಪ್ರತಿ ಸೆಷನ್ ಶುರುವಿಗೆ ಕೇಳಬೇಕಾದದ್ದು ಮೂರು: ಈಗ ಎಲ್ಲಿದ್ದೀರಿ (ಅಪಾಯವಾದರೆ ಯಾವ ವಿಳಾಸಕ್ಕೆ ಸಹಾಯ ಕಳಿಸಬೇಕು ಎಂಬುದಕ್ಕಾಗಿ), ಯಾರಿಗಾದರೂ ಕೇಳಿಸುತ್ತದೆಯೇ, ಇಯರ್‌ಫೋನ್ ಇದೆಯೇ. ಯಾರಾದರೂ ಬಂದರೆ ಮಾತು ಬದಲಿಸಲು ಒಂದು ಸಂಕೇತದ ಮಾತು ಗೊತ್ತುಮಾಡಿಕೊಂಡಿರಬೇಕು.

ಥೆರಪಿ ಆ್ಯಪ್‌ಗಳ ಜೊತೆ ಕರಾರಿಗೆ ಸಹಿ ಹಾಕುವ ಮೊದಲು ಟಿಪ್ಪಣಿ ಯಾರ ಸ್ವತ್ತು, ಸಂಸ್ಥೆ ಬಿಟ್ಟರೆ ಕ್ಲೈಂಟಿಗೆ ಏನೆಂದು ತಿಳಿಸುತ್ತಾರೆ, ನಡುರಾತ್ರಿ ಅಪಾಯದ ಸಂದೇಶ ಬಂದರೆ ಹೊಣೆ ಯಾರದು ಎಂದು ಓದಿ ನೋಡಬೇಕು. ಸೆಷನ್ ರೆಕಾರ್ಡ್ ಮಾಡಿ ಎಐಯಿಂದ ಟಿಪ್ಪಣಿ ಬರೆಸುವ ಅಭ್ಯಾಸ ಹೆಚ್ಚುತ್ತಿದೆ. ಕ್ಲೈಂಟಿನ ಸ್ಪಷ್ಟ ಒಪ್ಪಿಗೆಯಿಲ್ಲದೆ ಅದು ನಂಬಿಕೆದ್ರೋಹ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯನ್ನೇ ಕೇಳುತ್ತದೆ, ಮಕ್ಕಳಾದರೆ ಹೆತ್ತವರದ್ದು. ರಾತ್ರಿ ಎರಡಕ್ಕೆ ಚಾಟ್‌ಬಾಟ್ ಜೊತೆ ಮಾತಾಡಿದ್ದನ್ನು ಕ್ಲೈಂಟು ತಂದು ತೋರಿಸಿದರೆ ಗದರಬೇಡಿ. ಆ ಹೊತ್ತಿಗೆ ಅವರಿಗೆ ಬೇರೆ ಯಾರೂ ಇರಲಿಲ್ಲ ಎಂಬುದು ಸೆಷನ್ನಿಗೆ ಬೇಕಾದ ಮಾಹಿತಿ.

ಕೊನೆಯದಾಗಿ, ಬಹುತೇಕರು ಮುಂದಕ್ಕೆ ಹಾಕುವ ಒಂದು ಕೆಲಸ. ಒಬ್ಬರೇ ಕ್ಲಿನಿಕ್ ನಡೆಸುವ ಸಮಾಲೋಚಕರು ಅಪಘಾತವಾಗಿ ಮಲಗಿದರೆ, ತೀರಿಕೊಂಡರೆ, ಹದಿನೈದು ಕ್ಲೈಂಟುಗಳಿಗೆ ಯಾರು ಫೋನು ಮಾಡುತ್ತಾರೆ? ಮನೆಯವರು ಮಾಡುವಂತಿಲ್ಲ, ಅವರಿಗೆ ಹೆಸರುಗಳೇ ಗೊತ್ತಿರಬಾರದು. ಇದಕ್ಕೆ ಒಬ್ಬ ಸಹವೃತ್ತಿಯವರನ್ನು ಒಪ್ಪಿಸಿ, ಮುಚ್ಚಿದ ಲಕೋಟೆಯಲ್ಲಿ ಕ್ಲೈಂಟುಗಳ ಪಟ್ಟಿ ಎಲ್ಲಿದೆ, ಪಾಸ್‌ವರ್ಡ್ ಏನು, ಯಾರು ಹೆಚ್ಚು ಅಪಾಯದಲ್ಲಿದ್ದಾರೆ, ಯಾರನ್ನು ಯಾರ ಬಳಿಗೆ ಕಳಿಸಬೇಕು, ಟಿಪ್ಪಣಿಗಳನ್ನು ಎಷ್ಟು ವರ್ಷ ಇಟ್ಟು ಹೇಗೆ ನಾಶಮಾಡಬೇಕು ಎಂದು ಬರೆದಿಡಬೇಕು. ಆರು ತಿಂಗಳಿಗೊಮ್ಮೆ ಅದನ್ನು ತಿದ್ದಬೇಕು. ಹೀಗೊಬ್ಬರು ಇದ್ದಾರೆಂದು ಕ್ಲೈಂಟಿಗೂ ಮೊದಲ ದಿನದ ಕರಾರಿನಲ್ಲೇ ತಿಳಿಸಬೇಕು. ಗುರುತಿಲ್ಲದ ನಂಬರಿನಿಂದ ಕರೆ ಬಂದ ದಿನ ಅವರು ಫೋನು ಇಡುವುದಿಲ್ಲ.